ಸೂಳೆಕೆರೆಯ ಹಕ್ಕಿಗಳ ಪರವಾಗಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಬಸವಾಪಟ್ಟಣವೆಂಬ ಹಳೆಯ ಊರಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮುಂದೆ ತರೀಕೆರೆಯ ಪಾಳೆಯಗಾರರೆಂದು ಹೆಸರಾದ ಮನೆತನದವರು ಒಂದು ಕಾಲಕ್ಕೆ ಇಲ್ಲಿಯೇ ನೆಲಸಿ ಆಳಿದರು. ಆ ಕೋಟೆ ಕೊತ್ತಲಗಳ ಕಥೆಯನ್ನು ಬರೆಯುವುದಕ್ಕೆ ಇತಿಹಾಸಜ್ಞರಿದ್ದಾರೆ. ನಾವು ಈ ತಿಂಗಳು ವಾಚಕರನ್ನು ಕರೆದೊಯ್ಯಬೇಕೆಂದಿರುವುದು ಬಸವಾಪಟ್ಟಣಕ್ಕೆ ಅನತಿದೂರದಲ್ಲಿ ಹರಡಿಕೊಂಡಿರುವ ಒಂದು ಮಹಾಜಲರಾಶಿಯ ಬಳಿಗೆ. ಅದಕ್ಕೆ ಕಾಗದಪತ್ರಗಳಲ್ಲಿ ಶಾಂತಿಸಾಗರವೆಂದು ಹೆಸರು. ಜನರ ಬಾಯಲ್ಲಿ ಅದು ಸೂಳೆಕೆರೆ.

ಹೆಸರನ್ನು ಕೇಳಿ ಮುಜುಗರಪಡುವವರುಂಟು. ಶಾಂತವ್ವೆಯೆಂಬ ರಾಜಪುತ್ರಿಯೊಬ್ಬಳು ಕೆರೆಯನ್ನು ಕಟ್ಟಿಸಲೆಳಸಿದಾಗ ಆ ನೆಲವು ವೇಶ್ಯಾಸ್ತ್ರೀಯರದಾಗಿದ್ದಿತೆಂದೂ, ಕೆರೆಗೆ ತಮ್ಮ ಹೆಸರೇ ನಿಲ್ಲಬೇಕೆಂಬ ಒಂದು ಕರಾರಿನ ಮೇಲೆ ಅವರು ಭೂಮಿಯನ್ನು ಬಿಟ್ಟುಕೊಟ್ಟರೆಂದೂ ಐತಿಹ್ಯವಿದೆ. ಐತಿಹ್ಯವು ನಿಜವಾದರೆ, ಇಷ್ಟು ದೊಡ್ಡ ದಾನಕ್ಕೆ ಇಷ್ಟು ಸಣ್ಣ ಬೆಲೆಯನ್ನು ಕೇಳಿದವರ ಹೆಸರನ್ನು ಅಳಿಸಲು ನಾವು ಅವಸರಪಡಬೇಕಾದುದಿಲ್ಲ. ಈ ಲೇಖನದಲ್ಲಿ ನಾವೂ ಸೂಳೆಕೆರೆಯೆಂದೇ ಬರೆಯುತ್ತೇವೆ.

ಕೆರೆಯು ತುಂಬಿದಾಗ ನೀರು ಸುಮಾರು ೬,೫೦೦ ಎಕರೆಗಳ ಮೇಲೆ ನಿಲ್ಲುತ್ತದೆ. ಅದರಿಂದ ಹೊರಡುವ ಸಿದ್ಧನಾಲೆ, ಬಸವನಾಲೆಗಳು ಗದ್ದೆ ತೋಟಗಳನ್ನು ಪೋಷಿಸುತ್ತವೆ. ಹರಿದ್ರೆಯೆಂಬ ಹಳ್ಳವು ಉತ್ತರಕ್ಕೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಚಿತ್ರದುರ್ಗದ ಪಟ್ಟಣಕ್ಕೂ ಇಲ್ಲಿಂದಲೇ ಕುಡಿಯುವ ನೀರು ಹೋಗುವ ಏರ್ಪಾಡಾಯಿತು. ಎರಡು ಗುಡ್ಡಗಳ ನಡುವಣ ಇಕ್ಕಟ್ಟನ್ನು ಹುಡುಕಿ, ಉದ್ದದಲ್ಲಿ ಕಿರಿದಾಗಿಯೂ ದಪ್ಪದಲ್ಲಿ ಹಿರಿದಾಗಿಯೂ ಏರಿಯನ್ನು ಕಟ್ಟಿದ ಆ ಪೂರ್ವಿಕರ ಕೌಶಲವನ್ನು, ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರು ಪರೀಕ್ಷಿಸಿ ನೋಡಿದ್ದರು. ಬೆಂಗಳೂರಿನ ಕಬ್ಬನ್ ಉದ್ಯಾನವನ್ನು ೧೮೭೦ರಲ್ಲಿ ನಿರ್ಮಿಸಿದವರೂ ಈ ಸ್ಯಾಂಕಿಯವರೇ ಎಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದಕ್ಕೆ ಕಾರಣವುಂಟು; ಅದು ಮುಂದೆ ತಿಳಿಯುವುದು.

ಗದ್ದೆಯ ಲೆಕ್ಕವನ್ನು ನೀರಾವರಿ ಇಲಾಖೆಯವರು ಇಟ್ಟಿದ್ದಾರೆ. ಕುಡಿಯುವ ನೀರಿನ ಲೆಕ್ಕವನ್ನು ಇಡುವವರೂ ಇದ್ದಾರೆ. ಮೀನಿನ ಲೆಕ್ಕವನ್ನು ಹಿಡಿಯುವವನೇ ಬಲ್ಲನು. ಹಕ್ಕಿಗಳ ಲೆಕ್ಕವನ್ನು ಯಾರು ಇಡಬೇಕು? ಇದೇ ನಾವು ಎತ್ತಬೇಕೆಂದಿರುವ ಪ್ರಶ್ನೆ.

ಬಯಲುಸೀಮೆಯ ದೊಡ್ಡ ಕೆರೆಯೊಂದನ್ನು ಮುಂಜಾವಿನಲ್ಲಿ ನೋಡಿದವರಿಗೆ ಆ ಸಂಸಾರದ ವಿಸ್ತಾರವು ತಿಳಿಯದೆ ಇರದು. ನಡುನೀರಿನಲ್ಲಿ ಮುಳುಗಿ ಏಳುವ ನೀರುಕಾಗೆ, ಗುಳುಮುಳುಕ. ಎಲೆಗಳ ಮೇಲೆ ಕಾಲಿಟ್ಟು ನಡೆಯುವ ದೇವನಕ್ಕಿ. ಹಣೆಗೆ ನಾಮವಿಟ್ಟ ನಾಮದಕೋಳಿ. ಮೊಣಕಾಲುದ್ದದ ನೀರಿನಲ್ಲಿ ತಪಸ್ಸಿಗೆ ನಿಂತ ಬೆಳ್ಳಕ್ಕಿ, ಕೊಕ್ಕರೆ. ಕೆಸರನ್ನು ಕೊಕ್ಕಿನಿಂದ ಇರಿದು ಹುಳುವನ್ನು ತೆಗೆಯುವ ಕೆಂಬರಲು. ದಡದ ಒಣನೆಲದಲ್ಲಿ ಕಲ್ಲುಗಳ ನಡುವೆ ಮೊಟ್ಟೆಯಿಟ್ಟು, ಹತ್ತಿರ ಹೋದವರ ಮೇಲೆ ಕೂಗಿ ಬೀಳುವ ಟಿಟ್ಟಿಭ. ಕಾರ್ತಿಕದ ಹೊತ್ತಿಗೆ ಉತ್ತರದ ಶೀತದೇಶಗಳಿಂದ ಬಾತುಗಳೂ ಸಣ್ಣ ಗೊರವಗಳೂ ಬಂದು ಇವರೊಡನೆ ಸೇರುತ್ತವೆ.

ಈ ಪಟ್ಟಿಯನ್ನು ಮತ್ತೊಮ್ಮೆ ಓದಿದರೆ ಒಂದು ಸಂಗತಿಯು ಹೊಳೆಯುತ್ತದೆ. ಇವುಗಳಲ್ಲಿ ಆಳವಾದ ನೀರನ್ನು ಬಯಸುವವು ಕೆಲವು ಮಾತ್ರ. ಉಳಿದವೆಲ್ಲ ಅಂಚಿನ ಜೀವಿಗಳು. ಗೇಣುದ್ದದ ನೀರು, ಕೆಸರು, ಜೊಂಡು, ತೇವದ ಹುಲ್ಲು ಇವೇ ಅವುಗಳ ಅಡಿಗೆಮನೆ. ಅಂಚೇ ಹೋದ ಮೇಲೆ ನಡುನೀರು ಎಷ್ಟು ಇದ್ದರೂ ಕೊಕ್ಕರೆಗೆ ಅದರಿಂದ ಪ್ರಯೋಜನವಿಲ್ಲ.

ಆದರೆ ಕೆರೆಯಲ್ಲಿ ಮೊದಲು ಹೋಗುವುದೂ ಈ ಅಂಚೇ. ಮಳೆ ಕಡಿಮೆಯಾದ ವರ್ಷ ನೀರು ಹಿಂದಕ್ಕೆ ಸರಿಯುತ್ತದೆ. ಬರಿದಾದ ನೆಲವು ಹೂಳಿನಿಂದ ಕೊಬ್ಬಿರುತ್ತದೆ. ಪಕ್ಕದ ಹೊಲದವನು ಒಂದು ಸಾಲು ಉಳುತ್ತಾನೆ. ಬಡವನ ಆಸೆಯೆಂದು ಯಾರೂ ಕೇಳುವುದಿಲ್ಲ. ಮರುವರ್ಷ ಒಂದು ಬದು ಏಳುತ್ತದೆ. ಅದರ ಮರುವರ್ಷ ಬಡವನಲ್ಲದವನೂ ಬರುತ್ತಾನೆ. ಚನ್ನಗಿರಿಯ ಸೀಮೆಯಲ್ಲಿ ಅಡಿಕೆಗೆ ಇರುವ ಗೌರವವು ಎಲ್ಲರೂ ಬಲ್ಲ ವಿಷಯ. ಅಡಿಕೆಸಸಿಯು ಒಮ್ಮೆ ಬೇರೂರಿದ ನೆಲವನ್ನು ಕೆರೆಯದೆಂದು ಹೇಳಿಸುವುದು ಸುಲಭಸಾಧ್ಯವಲ್ಲ. ಚನ್ನಗಿರಿಯ ಖಡ್ಗ ಸಂಘವೆಂಬ ಸ್ವಯಂಸೇವಕರ ಕೂಟವು ಸೂಳೆಕೆರೆಯ ಎಲ್ಲೆಯನ್ನು ಅಳೆಸಬೇಕು, ಒತ್ತುವರಿಯನ್ನು ತೆರವು ಮಾಡಿಸಬೇಕು ಎಂದು ಪಟ್ಟುಹಿಡಿದು ಕೇಳಿದ್ದು ಈ ಕಾರಣದಿಂದಲೇ. ಅವರು ಮಾತಾಡಿದ್ದು ಮುಖ್ಯವಾಗಿ ನೀರಿಗಾಗಿ, ಕೆರೆಗಾಗಿ. ಆದರೆ ಎಲ್ಲೆಕಲ್ಲು ನಿಂತರೆ ಟಿಟ್ಟಿಭದ ಮೊಟ್ಟೆಯೂ ಉಳಿಯುತ್ತದೆಂಬುದನ್ನು ನಾವು ಸೇರಿಸಿ ಹೇಳುತ್ತೇವೆ. ಹಕ್ಕಿಯನ್ನು ಪ್ರೀತಿಸುವವರಿಗೂ ಮೋಜಣಿಯ ಸರಪಣಿಗೂ ಏನು ಸಂಬಂಧವೆಂದು ಕೇಳುವವರಿಗೆ ಇದೇ ಉತ್ತರ.

ಇನ್ನು, ಮನುಷ್ಯನು ಕಟ್ಟಿದ ಕೆರೆಗೆ ಪಕ್ಷಿಧಾಮದ ಪದವಿಯು ಸಲ್ಲುವುದೇ ಎಂದು ಸಂದೇಹಪಡುವವರುಂಟು. ಅವರು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ನೋಡಲಿ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಅಣೆಯಿಂದ ಆ ನಡುಗಡ್ಡೆಗಳು ಉಂಟಾದವು. ಗದ್ದೆಗೆಂದು ಕಟ್ಟಿದ ಅಣೆಯ ಫಲವನ್ನು ಹಕ್ಕಿಗಳೂ ಉಂಡವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸಮೀಕ್ಷಿಸುತ್ತಿದ್ದ ಕಾಲದಲ್ಲಿ ಅಲ್ಲಿಯ ಗೂಡುಗಳನ್ನು ಕಂಡು ಅರಸರಿಗೆ ಅರಿಕೆ ಮಾಡಲಾಗಿ, ೧೯೪೦ರಲ್ಲಿ ಅದು ರಕ್ಷಿತ ಸ್ಥಳವಾಯಿತು. ೨೦೨೨ರಲ್ಲಿ, ಇರಾನ್ ದೇಶದ ರಾಮ್ಸಾರ್ ನಗರದಲ್ಲಿ ೧೯೭೧ರಲ್ಲಿ ಆದ ಒಡಂಬಡಿಕೆಯಂತೆ ಜಗತ್ತಿನ ಮುಖ್ಯ ಜೌಗುನೆಲೆಗಳ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲನೆಯ ಸ್ಥಳವೂ ಅದೇ ಆಯಿತು.

ಅರಸರಿಗೆ ಅರಿಕೆ ಮಾಡಿದರೆ ಸಾಕಾಗಿದ್ದ ಕಾಲ ಅದು. ಈಗ ಅರಿಕೆಯನ್ನು ಅನೇಕರಿಗೆ ಮಾಡಬೇಕು. ಅನೇಕ ವರ್ಷ ಮಾಡಬೇಕು. ಅಂಥ ಅರಿಕೆಯು ಹೇಗೆ ಫಲಿಸುತ್ತದೆಂಬುದಕ್ಕೆ ದಾವಣಗೆರೆ ಜಿಲ್ಲೆಯ ನೆರೆಯಲ್ಲಿಯೇ, ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ಒಂದು ದೃಷ್ಟಾಂತವಿದೆ. ಅಂಕಸಮುದ್ರವು ಸೂಳೆಕೆರೆಯ ಮುಂದೆ ಒಂದು ಬೊಗಸೆ. ಅದರ ವಿಸ್ತೀರ್ಣವು ೯೮.೭೬ ಹೆಕ್ಟೇರು, ಎಂದರೆ ೨೪೪ ಎಕರೆ. ಶತಮಾನಗಳ ಹಿಂದೆ ನೀರಾವರಿಗೆ ಕಟ್ಟಿದ ಹಳ್ಳಿಯ ಕೆರೆಯದು. ಕೆರೆಯೊಳಗೆ ಬೆಳೆದ ಜಾಲಿಯ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಕರಿತಲೆಯ ಕೆಂಬರಲುಗಳೂ ಗೂಡುಕಟ್ಟತೊಡಗಿದವು. ಊರವರು ಅವನ್ನು ಓಡಿಸಲಿಲ್ಲ. ಸುತ್ತಣ ಪಕ್ಷಿಪ್ರಿಯರು ಬಂದು ನೋಡಿದರು, ಚಿತ್ರ ತೆಗೆದರು, ಎಣಿಸಿದರು, ಬರೆದಿಟ್ಟರು, ಅಧಿಕಾರಿಗಳನ್ನು ಕರೆತಂದು ತೋರಿಸಿದರು. ೨೦೧೭ರಲ್ಲಿ ಸರಕಾರವು ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ೨೦೨೪ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಅದರ ಹೆಸರು ಬಂದಿತು. ಮೂವತ್ತು ಸಾವಿರಕ್ಕೆ ಮೇಲ್ಪಟ್ಟ ನೀರುಹಕ್ಕಿಗಳು ಅಲ್ಲಿ ಗೂಡುಕಟ್ಟುವುದಕ್ಕೋ ತಂಗುವುದಕ್ಕೋ ಬರುತ್ತವೆಂದು ಆ ಪಟ್ಟಿಯಲ್ಲಿಯೇ ಹೇಳಿದೆ. ಅದೇ ವರ್ಷ ಗದಗ ಜಿಲ್ಲೆಯ ಮಾಗಡಿಕೆರೆಯೂ ಪಟ್ಟಿಗೆ ಸೇರಿತು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಅದು ಚಳಿಗಾಲದ ಬಿಡಾರ. ಅವು ಸುತ್ತಣ ಹೊಲಗಳಲ್ಲಿ ಮೇಯುತ್ತವೆಂಬುದನ್ನು ಇಲ್ಲಿ ಮರೆಮಾಚಬಾರದು. ಅತಿಥಿಯ ಊಟದ ಖರ್ಚು ಯಾವಾಗಲೂ ಒಬ್ಬ ರೈತನ ಮೇಲೆ ಬಿದ್ದಿರುತ್ತದೆ.

ಈ ಖರ್ಚಿನ ಮಾತನ್ನು ಎತ್ತದೆ ಪಕ್ಷಿಗಳ ಪರವಾಗಿ ವಾದಿಸುವವರನ್ನು ಹಳ್ಳಿಗರು ಒಪ್ಪದಿರುವುದು ನ್ಯಾಯವೇ ಸರಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದನ್ನು ಚೆನ್ನಾಗಿ ಅರಿತಿದ್ದರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಊರ ನಡುವೆ, ಮನೆಗಳ ಮಗ್ಗುಲಲ್ಲಿ, ಹುಣಿಸೆಮರಗಳ ಮೇಲೆಯೇ ಸಂಸಾರ ಹೂಡುತ್ತವೆ. ಊರು ಹಿಂದೆ ಶಿಂಷಾ ನದಿಯ ದಡದಲ್ಲಿದ್ದಿತೆಂದೂ, ಪ್ಲೇಗಿನ ಕಾಲದಲ್ಲಿ ಜನರು ಜಾಗವನ್ನು ಬದಲಾಯಿಸಿದಾಗ ಹಕ್ಕಿಗಳೂ ಹಿಂಬಾಲಿಸಿ ಬಂದವೆಂದೂ ಹಿರಿಯರು ಹೇಳುವುದುಂಟು. ಅಲ್ಲಿಯ ಗೃಹಿಣಿಯರಿಗೆ ಆ ಹಕ್ಕಿಗಳು ಬಸುರಿಯಾಗಿ ತವರಿಗೆ ಬಂದ ಹೆಣ್ಣುಮಕ್ಕಳಿದ್ದಂತೆ. ಹೆರಿಗೆಗೆ ಬಂದ ಮಗಳನ್ನು ಹಿಕ್ಕೆಯ ನಾತವೆಂದು ಯಾರು ಹೊರಗೆ ಹಾಕುತ್ತಾರೆ? ಆದರೂ ನಾತವು ನಾತವೇ. ಹಿಕ್ಕೆ ಬಿದ್ದ ಹುಣಿಸೆಯ ಫಸಲು ಕೆಡುವುದೂ ನಿಜವೇ.

೧೯೭೬ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಈ ಊರಿನ ಸಂಗತಿಯನ್ನು ಹೊರಗಿನ ಲೋಕಕ್ಕೆ ತಿಳಿಸಿದರು. ಗೂಡುಳ್ಳ ಮರಗಳ ಒಡೆಯರಿಗೆ, ಫಸಲಿನ ನಷ್ಟಕ್ಕೆ ಬದಲಾಗಿ, ಇಲಾಖೆಯಿಂದ ಪರಿಹಾರ ಕೊಡುವ ಪದ್ಧತಿಯು ಬಂದಿತು. ತರುವಾಯ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರ ಕೂಟವೊಂದು ಊರಿಗೆ ಬಂದು, ಅಲ್ಲಿಯ ತರುಣರನ್ನೇ ಸೇರಿಸಿಕೊಂಡಿತು. ಹೆಜ್ಜಾರ್ಲೆ ಬಳಗವೆಂಬ ಊರ ಸಂಘವು ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಹೆಕ್ಕಿ ತಂದು, ಬೇಲಿಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಅವರ ಕೆಲಸ. ಮರದ ಕೆಳಗೆ ಬಿದ್ದ ಹಿಕ್ಕೆಯು ಗೊಬ್ಬರವಾಗಿ ಹೊಲಕ್ಕೆ ಹೋಯಿತು. ೨೦೦೭ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ವನ್ಯಜೀವಿ ರಕ್ಷಣೆಯ ೧೯೭೨ರ ಕಾಯಿದೆಗೆ ೨೦೦೨ರಲ್ಲಿ ಆದ ತಿದ್ದುಪಡಿಯಿಂದ ಇಂಥ ಮೀಸಲುಗಳಿಗೆ ಎಡೆಯಾಯಿತು. ಜನರನ್ನು ಹೊರಗೆ ಹಾಕದೆ, ಜನರ ನಡುವೆಯೇ ಪ್ರಾಣಿಪಕ್ಷಿಗಳನ್ನು ಕಾಯುವ ಮಾರ್ಗವಿದು. ೨೦೧೭-೧೮ರ ಋತುವಿನಲ್ಲಿ ಹೊಟ್ಟೆಯ ಹುಳುವಿನ ಬಾಧೆಯಿಂದ ಹಲವು ಹೆಜ್ಜಾರ್ಲೆಗಳು ಅಲ್ಲಿ ಸತ್ತವು. ಹಕ್ಕಿ ಬಿದ್ದುದನ್ನು ಅಂದಂದೇ ಕಾಣತಕ್ಕ ಕಣ್ಣುಗಳು ಊರಿನಲ್ಲಿ ಇರಬೇಕಾದುದು ಇಂಥ ಸಮಯಗಳಿಗಾಗಿಯೇ. ದೂರದ ಕಚೇರಿಗೆ ಆ ಕಣ್ಣಿಲ್ಲ.

ನೇಗಿನಹಾಳರ ಹೆಸರು ಬಂದುದರಿಂದ ಉದ್ಯಾನಗಳ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಇದೇ ಮಹಾಶಯರು ೧೯೮೦ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿಯೂ ಬಯಲುಗಳಲ್ಲಿಯೂ ಹದಿನೈದು ಲಕ್ಷ ಸಸಿಗಳನ್ನು ನೆಡಿಸಿದರು. ಹಕ್ಕಿಯನ್ನು ಬಲ್ಲವನು ಮರ ನೆಡಿಸಿದರೆ ಆ ಮರದಲ್ಲಿ ಹಕ್ಕಿಗೆ ಎಡೆಯಿರುತ್ತದೆ. ಹಕ್ಕಿಯನ್ನು ಬಲ್ಲದವನು ಉದ್ಯಾನ ಮಾಡಿಸಿದರೆ ಏನಾಗುವುದೆಂಬುದನ್ನು ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ನೋಡಬಹುದು: ಕಬ್ಬಿಣದ ಬೇಲಿ, ಕತ್ತರಿಸಿದ ಹುಲ್ಲು, ಸಿಮೆಂಟಿನ ಜಿಂಕೆ, ರಾತ್ರಿಯೆಲ್ಲ ಉರಿಯುವ ಬಣ್ಣದ ದೀಪ. ಒಂದು ಅತ್ತಿಯ ಮರವಿಲ್ಲ, ಬಸರಿಯಿಲ್ಲ, ನೇರಳೆಯಿಲ್ಲ. ಕೆರೆಯ ಏರಿಯನ್ನೂ ಹೀಗೆಯೇ ಅಲಂಕರಿಸಬೇಕೆಂಬ ಉತ್ಸಾಹವು ಅಲ್ಲಲ್ಲಿ ಕಾಣುತ್ತಿದೆ. ಜನರು ಬಂದು ಗಾಳಿ ಸೇವಿಸಲಿ, ಮಕ್ಕಳು ಆಡಲಿ, ನಮಗೆ ಸಂತೋಷವೇ. ಆದರೆ ಅದಕ್ಕಾಗಿ ಏರಿಯ ಒಂದು ಕೊನೆ ಸಾಲದೆ? ಜೊಂಡಿರುವ ಕಡೆಯನ್ನು ಹಕ್ಕಿಗಳಿಗೆ ಬಿಟ್ಟು, ಅಲ್ಲಿ ದೀಪವನ್ನೂ ದೋಣಿಯನ್ನೂ ಕಲ್ಲುಹಾಸನ್ನೂ ತರದಿದ್ದರೆ ಖರ್ಚೂ ಉಳಿಯುತ್ತದೆ.

ಉದ್ಯಾನಗಳನ್ನು ಕಾಯುವುದಕ್ಕೆ ಕಾಯಿದೆಯ ಬಲವಿಲ್ಲದಿಲ್ಲ. ಸ್ಯಾಂಕಿಯವರ ಕಬ್ಬನ್ ಉದ್ಯಾನವನ್ನೂ ಲಾಲ್‌ಬಾಗನ್ನೂ ಉಳಿಸಿಕೊಳ್ಳುವ ಸಲುವಾಗಿ ೧೯೭೫ರಲ್ಲಿ ಒಂದು ಶಾಸನವಾಯಿತು. ಪಟ್ಟಣಗಳ ಉದ್ಯಾನ, ಆಟದ ಬಯಲು, ತೆರವು ಜಾಗಗಳಿಗೆ ೧೯೮೫ರಲ್ಲಿ ಮತ್ತೊಂದು ಆಯಿತು. ಆದರೆ ಶಾಸನವು ತಾನಾಗಿ ಎದ್ದು ನಡೆಯುವುದಿಲ್ಲ. ಯಾರಾದರೂ ಅದರ ಕೈಹಿಡಿದು ಕಚೇರಿಗೆ ಕರೆದುಕೊಂಡು ಹೋಗಬೇಕು. ಬೆಂಗಳೂರಿನ ಪಕ್ಷಿವೀಕ್ಷಕರು ದಶಕಗಳಿಂದಲೂ ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಕೂಡಿ ಹಕ್ಕಿಗಳನ್ನು ನೋಡಿ ಹೋಗುವ ವಾಡಿಕೆಯನ್ನು ಇಟ್ಟುಕೊಂಡವರು. ಹೊಸಬರಿಗೆ ಶುಲ್ಕವಿಲ್ಲ, ಭಾಷಣವಿಲ್ಲ. ಬೇಸರವಿಲ್ಲದೆ ಹೀಗೆ ತಿಂಗಳು ತಿಂಗಳು ನೋಡುತ್ತಿರುವವರಿಗೇ ಕಳೆದ ವರ್ಷ ಇದ್ದುದು ಈ ವರ್ಷ ಇಲ್ಲವೆಂದು ಹೇಳುವ ಅಧಿಕಾರ ಬರುವುದು.

ಆ ಅಧಿಕಾರವು ಎಷ್ಟು ದೊಡ್ಡದೆಂಬುದಕ್ಕೆ ನೀಲಕಂಠವೇ ಸಾಕ್ಷಿ. ಅದು ಕರ್ನಾಟಕದ ರಾಜ್ಯಪಕ್ಷಿ. ತಂತಿಯ ಮೇಲೆ ಕುಳಿತು, ಹಾರುವಾಗ ರೆಕ್ಕೆಯ ನೀಲಿಯನ್ನು ಬಿಚ್ಚಿ ತೋರಿಸುವ ಆ ಹಕ್ಕಿಯು ವಿಪುಲವಾಗಿದೆಯೆಂದೇ ಎಲ್ಲರೂ ನಂಬಿದ್ದರು. ೨೦೨೩ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಯ ವರದಿಯು ೯೪೨ ಜಾತಿಗಳನ್ನು ಪರಿಶೀಲಿಸಿ, ೧೭೮ ಜಾತಿಗಳಿಗೆ ಕೂಡಲೇ ರಕ್ಷಣೆ ಬೇಕೆಂದಿತು. ಕ್ಷೀಣಿಸುತ್ತಿರುವ ಹಕ್ಕಿಗಳ ನಡುವೆ ನೀಲಕಂಠವೂ ಇದ್ದಿತು. ಈ ವರದಿಗೆ ಆಧಾರವಾವುದು? ಮೂವತ್ತು ಸಾವಿರ ಮಂದಿ ಪಕ್ಷಿವೀಕ್ಷಕರು ಬರೆದಿಟ್ಟ ಮೂರು ಕೋಟಿ ಕಾಣಿಕೆಗಳು. ಎಂದರೆ ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥ ಹಕ್ಕಿಯು ಇಷ್ಟು ಕಂಡಿತೆಂಬ ಮೂರು ಕೋಟಿ ಟಿಪ್ಪಣಿಗಳು. ಅವುಗಳಲ್ಲಿ ಬಹುಪಾಲು ಪಂಡಿತರದಲ್ಲ. ಗುಮಾಸ್ತರು, ಉಪಾಧ್ಯಾಯರು, ವೈದ್ಯರು, ವಿದ್ಯಾರ್ಥಿಗಳು, ಗೃಹಿಣಿಯರು ಇಂಥ ಹವ್ಯಾಸಿಗಳದು.

ಹೀಗಿರಲು, ಬಸವಾಪಟ್ಟಣದಲ್ಲಿ, ಚನ್ನಗಿರಿಯಲ್ಲಿ, ಕೆರೆಬಿಳಚಿಯಲ್ಲಿ ಹತ್ತು ಹನ್ನೆರಡು ಮಂದಿ ಕೂಡಿ ಒಂದು ಪುಸ್ತಕವನ್ನು ತೆರೆಯುವುದು ಕಷ್ಟವೇ? ಜಿಲ್ಲೆಗೆ ಇದು ತೀರ ಹೊಸದಾದ ಮಾತೂ ಅಲ್ಲ. ಇದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು ೨೦೧೧ರಲ್ಲಿ ಕೊಂಡುಕುರಿಗಳ ಅಭಯಾರಣ್ಯವಾಯಿತು. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿಯನ್ನು ಕಂಡವರು ಎಷ್ಟು ಮಂದಿ? ಆದರೂ ಅದಕ್ಕೊಂದು ಎಲ್ಲೆ ದೊರೆಯಿತು. ದಿನವೂ ಎಲ್ಲರ ಕಣ್ಣಿಗೆ ಬೀಳುವ ಕೊಕ್ಕರೆಗೆ ಅದು ದೊರೆಯಬಾರದೇಕೆ?

ಸೂಳೆಕೆರೆಯಂಥ ವಿಸ್ತಾರವಾದ ಕೆರೆಯನ್ನು ಒಬ್ಬರೇ ಎಣಿಸಲಾಗದು. ಏರಿ, ತೂಬಿನ ಬಳಿ, ಹಳ್ಳ ಬಂದು ಸೇರುವ ಕಡೆ, ಜೊಂಡಿನ ಮೂಲೆ ಹೀಗೆ ನಾಲ್ಕೈದು ನಿಲ್ದಾಣಗಳನ್ನು ಗೊತ್ತುಮಾಡಿಕೊಂಡು, ಪ್ರತಿ ನಿಲ್ದಾಣಕ್ಕೆ ಇಬ್ಬರಂತೆ, ಒಂದೇ ಹೊತ್ತಿನಲ್ಲಿ ನಿಂತು ಎಣಿಸಬೇಕು. ಒಬ್ಬರು ನೋಡಿ ಹೇಳುವುದು, ಒಬ್ಬರು ಬರೆಯುವುದು. ಹಿಂಡು ದೊಡ್ಡದಾದರೆ ಮೊದಲು ಹತ್ತು ಹಕ್ಕಿ ಎಷ್ಟು ಜಾಗವನ್ನು ಹಿಡಿದಿದೆಯೆಂದು ಕಣ್ಣಳತೆ ಮಾಡಿಕೊಂಡು, ಅಂಥ ತುಂಡುಗಳನ್ನು ಎಣಿಸುವುದು. ಹೆಸರು ತಿಳಿಯದ ಹಕ್ಕಿಗೆ ಊಹೆಯಿಂದ ಹೆಸರು ಕೊಡಬಾರದು. ಕಾಲು, ಕೊಕ್ಕು, ಬಣ್ಣಗಳನ್ನು ಬರೆದಿಟ್ಟು ಆಮೇಲೆ ಪುಸ್ತಕವನ್ನು ನೋಡಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಮನೆಯಲ್ಲಿದ್ದರೆ ಕನ್ನಡಿಗನು ಅನ್ಯಭಾಷೆಯ ಗ್ರಂಥಕ್ಕೆ ಕೈನೀಡುವ ಅವಶ್ಯವಿಲ್ಲ. ನೀರಿನ ಮಟ್ಟವನ್ನು ಏರಿಯ ಯಾವುದಾದರೊಂದು ಗುರುತಿನ ಕಲ್ಲಿನಿಂದ ಬರೆಯಬೇಕು. ಈ ವರ್ಷ ಉತ್ತ ಹೊಸ ಸಾಲು ಎಲ್ಲಿಗೆ ಬಂದಿದೆಯೆಂಬುದನ್ನೂ ಬರೆಯಬೇಕು, ಯಾರದೆಂದು ಬರೆಯಬೇಕಾದುದಿಲ್ಲ. ಜಗಳವನ್ನು ಪುಸ್ತಕದೊಳಗೆ ತಂದರೆ ನೆರೆಹೊಲದವನು ಕೂಟಕ್ಕೆ ಬರುವುದಿಲ್ಲ; ಬೆಸ್ತರೂ ರೈತರೂ ಬಾರದ ಪಕ್ಷಿಕೂಟವು ಊರಿನಲ್ಲಿ ಬಾಳುವುದಿಲ್ಲ.

ಮನೆಯನ್ನು ಬಿಟ್ಟು ಬರಲಾರದ ಸೋದರಿಯರಿಗೂ ಇದರಲ್ಲಿ ಪಾಲುಂಟು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಡೆಯುವ ಹಿತ್ತಿಲ ಹಕ್ಕಿಗಳ ಎಣಿಕೆಯಲ್ಲಿ ಭಾರತವು ೨೦೧೩ರಿಂದ ಸೇರಿದೆ. ಹದಿನೈದು ನಿಮಿಷ ಒಂದೆಡೆ ಕುಳಿತು, ಕಂಡುದನ್ನು ಬರೆದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹಿತ್ತಿಲಿನಲ್ಲಿ ಪಾತ್ರೆ ತೊಳೆಯುವ ನೀರು ನಿಲ್ಲುವ ಕಡೆ ಎಷ್ಟು ಬಗೆಯ ಹಕ್ಕಿಗಳು ಬರುತ್ತವೆಂಬುದನ್ನು ಪಟ್ಟಣದ ವಿಜ್ಞಾನಿಗಿಂತ ನಮ್ಮ ಅತ್ತೆಯವರು ಚೆನ್ನಾಗಿ ಬಲ್ಲರು. ಬರೆಯುವ ಅಭ್ಯಾಸವೊಂದೇ ಕೂಡಬೇಕು. ಸಾಲಿಗೆ ಹೋಗುವ ಮಗುವಿನ ಕೈಗೆ ಪೆನ್ಸಿಲನ್ನು ಕೊಟ್ಟರೆ ಅದೂ ನೆರವೇರಿತು.

ನೀರುಹಕ್ಕಿಗಳ ಎಣಿಕೆಯು ೧೯೮೭ರಿಂದ ಏಷ್ಯಾಖಂಡದಲ್ಲಿ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ. ಒಂದು ವರ್ಷದ ಎಣಿಕೆಯಿಂದ ಯಾವ ಅಧಿಕಾರಿಯೂ ಕದಲುವುದಿಲ್ಲ. ಐದು ವರ್ಷದ ಎಣಿಕೆಯನ್ನು ಎದುರಿಗಿಟ್ಟು, ಜೊಂಡಿನ ಮೂಲೆಯಲ್ಲಿ ಮೊದಲು ಇಷ್ಟಿದ್ದ ಬಾತುಗಳು ಈಗ ಇಷ್ಟಾಗಿವೆ, ಉತ್ತ ಸಾಲು ಇಷ್ಟು ಮುಂದೆ ಬಂದಿದೆ ಎಂದರೆ, ಓದದೆ ಬದಿಗಿಡುವುದು ಕಷ್ಟ. ಉತ್ತರದ ಬಾತುಗಳು ಕಾರ್ತಿಕದಲ್ಲಿ ಇಳಿಯತೊಡಗುತ್ತವೆ. ಜನವರಿಯ ಎಣಿಕೆಗೆ ಮುಂಚೆ ಏರಿಯ ಮೇಲೆ ನಿಂತು ಅಭ್ಯಾಸ ಮಾಡುವುದಕ್ಕೆ ಏಳೆಂಟು ಭಾನುವಾರಗಳಾದರೂ ಸಿಕ್ಕುತ್ತವೆ. ಬೆಳಗ್ಗೆ ಬಿಸಿಲೇರುವುದಕ್ಕೆ ಮೊದಲೇ ಹೋಗಬೇಕು, ಸೂರ್ಯನು ಬೆನ್ನಿಗಿರುವಂತೆ ನಿಲ್ಲಬೇಕು.